ಕುಂಕುಮ ಬಿದ್ದ ಪುಸ್ತಕ

ಎರಡು ಸಾವಿರದ ಇಸವಿಯ ಆಸುಪಾಸಿನಲ್ಲಿ, ಸಾಫ್ಟ್‌ವೇರ್ ದಿನಾ ಬದಲಾಗುತ್ತಿದೆ, ನಾನೊಬ್ಬನೇ ಹಿಂದುಳಿಯುತ್ತೇನೆ ಎಂಬ ಹೆದರಿಕೆಯಲ್ಲಿ ಇಂಟರ್‌ನೆಟ್ಟಿನ ತಾಂತ್ರಿಕ ಪುಸ್ತಕ ಕ್ಲಬ್ಬೊಂದಕ್ಕೆ ಸೇರಿದೆ. ತಿಂಗಳಿಗೊಂದು ದಪ್ಪ ಪುಸ್ತಕ ತ್ಯಾಗರಾಜನಗರದ ನಮ್ಮ ಮನೆಗೆ ತಾನಾಗಿಯೇ ಬರುತ್ತಿತ್ತು. ಒಂದನ್ನು ಅರ್ಧ ಓದುವಷ್ಟರಲ್ಲಿ ಇನ್ನೊಂದು. ಎಷ್ಟು ಹಿಂದುಳಿದಿದ್ದೇನೆ ಎಂಬುದು ಈಗ ಪುಟದ ಲೆಕ್ಕದಲ್ಲೇ ಗೊತ್ತಾಗತೊಡಗಿತು.

ಕ್ಲಬ್ಬಿನಿಂದ ಬಿಡಿಸಿಕೊಳ್ಳಲು ಇದ್ದದ್ದು ಒಂದೇ ದಾರಿ: ಹೊಸದಾಗಿ ಬಂದ ಪುಸ್ತಕವನ್ನು ಒಂದು ಗುರುತೂ ಬೀಳದಂತೆ ವಾಪಸ್ ಕಳಿಸಬೇಕು. ವಾರವೆಲ್ಲ ಧೈರ್ಯ ಕೂಡಿಸಿಕೊಂಡು, ಶನಿವಾರ ಜಯನಗರದ ಕೊರಿಯರ್ ಅಂಗಡಿಗೆ ಹೊರಟೆ. ನೋಡಿದರೆ ಪಾರ್ಸೆಲ್ ಆಗಲೇ ಬಿಚ್ಚಿಯಾಗಿತ್ತು. ಅಮ್ಮ ಪುಸ್ತಕವನ್ನು ದೇವರ ಮುಂದಿಟ್ಟು, ಮೊದಲ ಪುಟದ ನಾಲ್ಕು ಮೂಲೆಗೂ ಅರಿಶಿನ ಕುಂಕುಮ ಹಚ್ಚಿದ್ದರು.

“ಹೊಸ ಪುಸ್ತಕ ಕಣೋ, ಹಾಗೇ ಮೂಲೇಲಿ ಬಿಸಾಕಿದ್ದೀಯಲ್ಲ,” ಎಂದರು.

“ವಾಪಸ್ ಕೊಡೋಣ ಅಂತಿದ್ದೆ ಅಮ್ಮ.”

“ಪೂಜೆ ಆಗಿರೋ ಸರಸ್ವತೀನಾ? ಸುಮ್ನೆ ಕೂತ್ಕೊಂಡು ಓದು. ಕಾಫಿ ತರ್ತೀನಿ.”

ಚಪ್ಪಲಿ ಬಿಟ್ಟು ಕೂತೆ. ಮುಂದಿನ ತಿಂಗಳ ಪಾರ್ಸೆಲನ್ನು ಅಮ್ಮನ ಕಣ್ಣಿಗೆ ಬೀಳದಂತೆ ಎಲ್ಲಿಡುವುದು ಎಂಬ ಚಿಂತೆಯಲ್ಲೇ ಮೊದಲ ಅಧ್ಯಾಯ ಮುಗಿಯಿತು.