ನಮ್ಮ ಅಂಗಳದಲ್ಲಿ ತೆಗೆದ ಒಂದು ಶಾಟು

ಸಿನಿಮಾ ನೋಡಬೇಕೆಂದರೆ ಮದ್ದೂರಿಗೋ ಮಂಡ್ಯಕ್ಕೋ ಬಸ್ಸು ಹತ್ತಬೇಕಿದ್ದ ಕಾಲದಲ್ಲಿ, ಸಿನಿಮಾವೇ ವ್ಯಾನು ಹತ್ತಿ ನಮ್ಮ ಕೊಕ್ಕರೆ ಬೆಳ್ಳೂರಿಗೆ ಬಂತು. ನನಗಾಗ ಹತ್ತು ವರ್ಷ. ಹುಣಸೆ ಮರಗಳ ತುಂಬ ಕೊಕ್ಕರೆ ಗೂಡುಗಳು, ಬೀದಿಯ ತುಂಬ ಹಕ್ಕಿ ಹಿಕ್ಕೆಯ ಘಾಟು, ಕಣದಿಂದ ಆಗಷ್ಟೇ ಮನೆಗೆ ಬಂದ ರಾಗಿಯ ಧೂಳು. ಸಿನಿಮಾದವರು ಕರವಸ್ತ್ರದಿಂದ ಮೂಗು ಮುಚ್ಚಿಕೊಂಡಾಗಲೇ ನಮ್ಮೂರಿಗೆ ಒಂದು ವಾಸನೆ ಇದೆಯೆಂದು ನನಗೆ ಗೊತ್ತಾದದ್ದು.

ನಿರ್ದೇಶಕರು ತೆಳ್ಳಗಿನ, ಮೆಲುದನಿಯ ಮನುಷ್ಯ. ಊರೆಲ್ಲ ಸುತ್ತಿ ಕೊನೆಗೆ ನಮ್ಮ ಮನೆಯ ಅಂಗಳವನ್ನೇ ಆರಿಸಿಕೊಂಡರು. ನಾವು ಮಕ್ಕಳು ತೂತುಬಿದ್ದ ಬಿದಿರು ಮಂಕರಿಯೊಂದನ್ನು ಕ್ಯಾಮೆರಾ ಮಾಡಿಕೊಂಡು, ಹೀರೋ ಯಾವಾಗ ಬರುತ್ತಾನೆ, ಫೈಟಿಂಗ್ ಯಾವಾಗ ಶುರುವಾಗುತ್ತದೆ ಎಂದು ಕಾಯುತ್ತಿದ್ದೆವು. ವ್ಯಾನಿನಿಂದ ಇಳಿದದ್ದು ಐವತ್ತು ದಾಟಿದ ಒಬ್ಬ ಹೆಂಗಸು. ತಾಯಿಯ ಪಾತ್ರ ಮಾಡುವ ನಟಿ.

"ಇವ್ರೇನಮ್ಮಿ ಈರೋಯಿನ್ನು?" ಎಂದು ನನ್ನಣ್ಣ ಮುಖ ಸಿಂಡರಿಸಿದ.

ಆಕೆ ಮಾತ್ರ ನೇರವಾಗಿ ಬಂದು ನಮ್ಮಜ್ಜಿಯ ಪಕ್ಕ ಕೂತರು. ಮೊರದಲ್ಲಿ ರಾಗಿ ಕೇರುವುದನ್ನು ಕಲಿಯಬೇಕಿತ್ತು. ಮೊದಲ ದಿನ ರಾಗಿಯೆಲ್ಲ ನೆಲದ ಪಾಲಾಗಿ ಕೋಳಿಗಳಿಗೆ ಹಬ್ಬ. ಅಜ್ಜಿಗೆ ಸಿನಿಮಾದವರು, ಊರಿನವರು ಎಂಬ ಭೇದವೇ ಇರಲಿಲ್ಲ.

"ಕೈ ಒಸಿ ಸಡ್ಲ ಬುಡವ್ವ. ಕಳ್ಳನ್ನ ಇಡ್ಕೊಂಡಂಗೆ ಇಡ್ಕೊಂಡಿದ್ದೀಯಲ್ಲ ಮೊರವ!"

ಆಕೆ ನಕ್ಕು ಮತ್ತೆ ಕೇರಿದರು. ಮಧ್ಯಾಹ್ನ ವ್ಯಾನಿನಿಂದ ಬಂದ ಊಟ ಬಿಟ್ಟು ನಮ್ಮ ಜೊತೆ ಮುದ್ದೆ, ಅವರೆಕಾಳು ಸಾರು ಉಂಡರು. ಮೂರನೆಯ ದಿನಕ್ಕೆ ಹೊಟ್ಟು ಗಾಳಿಗೆ ಹಾರಿ, ಕಾಳು ಮೊರದಲ್ಲೇ ಉಳಿಯುವಂತಾಯಿತು. ಆವತ್ತು ಆಕೆ ತಾನು ಮಾಡಬೇಕಾದ ದೃಶ್ಯವನ್ನು ಅಜ್ಜಿಗೆ ಹೇಳಿದರು: ರಾಗಿ ಕೇರುತ್ತ ಕೂತ ತಾಯಿಗೆ ಮಗ ಸತ್ತ ಸುದ್ದಿ ಬರುತ್ತದೆ, ಆಕೆ ಎದೆ ಬಡಿದುಕೊಂಡು ಅಳುತ್ತಾಳೆ.

ಅಜ್ಜಿಯ ಕೈ ನಿಂತಿತು. ನಾನು ಪಕ್ಕದಲ್ಲೇ ಅವರೆಕಾಯಿ ಬಿಡಿಸುತ್ತಿದ್ದೆ. ನನಗೆ ಭಯವಾಯಿತು. ಏಕೆಂದರೆ ಇದು ನಮ್ಮ ಮನೆಯಲ್ಲೇ ನಡೆದದ್ದು.

ನಾಲ್ಕು ವರ್ಷದ ಹಿಂದೆ ಕಬ್ಬಿನ ಟ್ರ್ಯಾಕ್ಟರ್ ಮಗುಚಿ ನನ್ನ ಚಿಕ್ಕಪ್ಪ ತೀರಿಕೊಂಡಿದ್ದ. ಸುದ್ದಿ ಬಂದಾಗ ಅಜ್ಜಿ ಮೊರ ಹಿಡಿದು ಕೂತಿದ್ದಳಂತೆ. ಅಳಲಿಲ್ಲವಂತೆ. ಕೆಳಗಿನ ಬೀದಿಗೆ ಮದುವೆಯಾಗಿ ಹೋಗಿದ್ದ ನನ್ನ ಸೋದರತ್ತೆ ಓಡಿ ಬಂದು ನೋಡಿದರೆ, ಅಜ್ಜಿ ರಾಗಿ ಕೇರುತ್ತಲೇ ಇದ್ದಳಂತೆ. "ಕಲ್ಲು ಕಣೆ ನೀನು. ಎತ್ತ ಮಗ ಸತ್ರೂ ಮೊರ ಬುಡ್ನಿಲ್ಲ" ಎಂದು ಕೂಗಿ ಹೋದ ಅತ್ತೆ, ತಮ್ಮನ ತಿಥಿ ಮುಗಿದ ಮೇಲೆ ನಮ್ಮ ಅಂಗಳ ತುಳಿದಿರಲಿಲ್ಲ. ಬೀದಿಯಲ್ಲಿ ಎದುರಾದರೂ ತಾಯಿ ಮಗಳಿಗೆ ಮಾತಿರಲಿಲ್ಲ.

"ನಾನು ಅಳ್ನಿಲ್ಲ ಕಣವ್ವ," ಎಂದಳು ಅಜ್ಜಿ. ಯಾರಿಗೂ ಹೇಳದಿದ್ದುದನ್ನು ಗುರುತಿಲ್ಲದ ಆ ಹೆಂಗಸಿಗೆ ಹೇಳಿದಳು. "ಮೊರ ಕೆಳಕ್ಕೆ ಮಡುಗುದ್ರೆ ಅದು ದಿಟ ಆಗೋಯ್ತದೆ ಅನ್ನುಸ್ತು. ಅದುಕ್ಕೆ ಕೇರ್ತಾನೆ ಇದ್ದೆ."

ನಟಿ ತಮ್ಮ ಮೊರವನ್ನು ಪಕ್ಕಕ್ಕಿಟ್ಟರು. ಆಮೇಲೆ ಅಜ್ಜಿಯ ಕೈ ಹಿಡಿದು ಕೇಳಿದರು: "ಅಮ್ಮಾ, ನಾನೂ ಹಾಗೇ ಮಾಡಲಾ? ನಿಮಗೆ ನೋವಾಗೋದಾದರೆ ಬೇಡ."

"ಮಾಡವ್ವ. ನಾ ಯೇಳಿದ್ರೆ ಯಾರ್ ನಂಬ್ತಾರೆ? ನೀನಾದ್ರೂ ತೋರ್ಸು."

ಮಾರನೆಯ ಬೆಳಿಗ್ಗೆ ಊರಿಗೆ ಊರೇ ನಮ್ಮ ಬೇಲಿಯ ಸುತ್ತ ನಿಂತಿತ್ತು. ಹೆಂಗಸರ ಗುಂಪಿನ ಹಿಂದೆ ಅತ್ತೆಯೂ ಇದ್ದಳು. ನಟಿ ನಿರ್ದೇಶಕರನ್ನು ಪಕ್ಕಕ್ಕೆ ಕರೆದು ಮಾತಾಡಿದರು. ನಿರ್ದೇಶಕರು ಕೈಯಲ್ಲಿದ್ದ ಹಾಳೆಯನ್ನು, ಅಂದರೆ ಅಳುವಿನ ಉದ್ದದ ಸಂಭಾಷಣೆಯನ್ನು, ಒಮ್ಮೆ ನೋಡಿ ಮಡಚಿ ಜೇಬಿಗಿಟ್ಟರು. ಮುಖದ ಹತ್ತಿರವಿದ್ದ ಕ್ಯಾಮೆರಾವನ್ನು ದೂರ, ಕೊಟ್ಟಿಗೆಯ ಬಾಗಿಲಿಗೆ ಒಯ್ಯಿಸಿದರು. "ಒಂದೇ ಸಲ ತೆಗೆಯೋದು. ಎರಡನೇ ಸಲ ಇವರನ್ನ ಕೇಳೋಕೆ ನನ್ನ ಕೈಲಾಗಲ್ಲ" ಎಂದರು. ಎಂಥ ನಿರ್ಧಾರಗಳು ಅವು ಎಂದು ನನಗೆ ಅರ್ಥವಾಗಲು ಇಪ್ಪತ್ತು ವರ್ಷ ಬೇಕಾಯಿತು.

ಒಬ್ಬ ಸೈಕಲ್ಲಿನಲ್ಲಿ ಬಂದು, ಇಳಿದು, ಸುದ್ದಿ ಹೇಳಿದ. ನಟಿ ತಲೆಯೆತ್ತಿ ಅವನನ್ನು ನೋಡಿದರು. ಮತ್ತೆ ಮೊರ ಮೇಲೆದ್ದಿತು. ಕೈ ತನ್ನ ಪಾಡಿಗೆ ಕೇರುತ್ತಿತ್ತು. ಕಣ್ಣು ಮಾತ್ರ ಅಲ್ಲಿರಲಿಲ್ಲ. ಹೊಟ್ಟು ಹಾರಿ ಮುಗಿಯಿತು, ಆದರೂ ಕೇರಿದರು. ಒಂದೊಂದು ಸಲವೂ ಮೊರ ಇನ್ನಷ್ಟು ಭಾರವಾದಂತೆ ಏಳುತ್ತಿತ್ತು. ಮೂರು ದಿನ ನಮ್ಮ ಜೊತೆ ಉಂಡ ಹೆಂಗಸು ನನ್ನ ಕಣ್ಣೆದುರೇ ಇಲ್ಲವಾಗಿ, ಅಲ್ಲಿ ಕೂತಿದ್ದವಳು ನನ್ನಜ್ಜಿ. ನಿರ್ದೇಶಕರು ಕಟ್ ಎನ್ನಲೇ ಇಲ್ಲ. ಕ್ಯಾಮೆರಾದೊಳಗಿನ ರೀಲು ಮುಗಿದು ಅದು ತಾನಾಗಿ ನಿಂತಿತು. ಹುಣಸೆ ಮರದ ಮೇಲಿನ ಹಕ್ಕಿಗಳ ಸದ್ದಷ್ಟೇ ಕೇಳುತ್ತಿತ್ತು.

ಬೇಲಿ ಸರಿಸಿಕೊಂಡು ಅತ್ತೆ ಒಳಗೆ ಬಂದಳು. ನಟಿಯನ್ನು ದಾಟಿ, ಜಗಲಿಯಲ್ಲಿ ಕೂತಿದ್ದ ಅಜ್ಜಿಯ ಮುಂದೆ ನಿಂತಳು.

"ಅವ್ವ, ನಿಂಗೂ ಇಂಗೇ ಆಗಿತ್ತಾ?"

"ಊಂ ಕಣ್ಮಗ."

"ನಂಗ್ಯಾಕವ್ವ ಯೇಳ್ನಿಲ್ಲ?"

"ನೀನು ಕೇಳ್ನಿಲ್ವಲ್ಲ."

ಅತ್ತೆ ಅಲ್ಲೇ ಕುಸಿದು ಅಜ್ಜಿಯ ಮಡಿಲಲ್ಲಿ ಮುಖವಿಟ್ಟಳು. ನಾಲ್ಕು ವರ್ಷದ ಅಳು ಆವತ್ತು ಅಜ್ಜಿಯ ಗಂಟಲಿನಿಂದ ಹೊರಬಂತು. ನಟಿ ಗೋಡೆಗೆ ಮುಖಮಾಡಿ ನಿಂತಿದ್ದರು. ನಿರ್ದೇಶಕರು ಕ್ಯಾಮೆರಾದ ಮೇಲೆ ಬಟ್ಟೆ ಮುಚ್ಚಿಸಿ, ತಮ್ಮವರನ್ನೆಲ್ಲ ಅಂಗಳದಿಂದ ಹೊರಗೆ ಕರೆದೊಯ್ದರು. ಆ ನಿರ್ದೇಶಕರನ್ನು ನಾನು ಇಂದಿಗೂ ದೊಡ್ಡವರೆಂದು ಕರೆಯುವುದು ಆ ಬಟ್ಟೆ ಮುಚ್ಚಿಸಿದ್ದಕ್ಕೂ ಸೇರಿ.

ಆ ಚಿತ್ರ ಮಂಡ್ಯದಲ್ಲಿ ಒಂದು ವಾರ ಓಡಿತು. ಅಜ್ಜಿ, ಅತ್ತೆ ಅಕ್ಕಪಕ್ಕ ಕೂತು ನೋಡಿದರು. ಮುಂದೆ ನಾನು ಸಿನಿಮಾ ನೋಡಿ ಬರೆಯುವುದನ್ನೇ ಬದುಕಾಗಿಸಿಕೊಂಡೆ. ದೊಡ್ಡ ದೊಡ್ಡ ನಟರನ್ನು, ನಿರ್ದೇಶಕರನ್ನು ನೋಡಿ ಬೆರಗಾಗಿದ್ದೇನೆ. ಆದರೆ ಒಬ್ಬರ ಅಭಿನಯ ಇನ್ನೊಂದು ಮನೆಯ ಮುಚ್ಚಿದ ಬಾಗಿಲನ್ನು ತೆರೆಸಿದ್ದನ್ನು ನೋಡಿದ್ದು ಅದೊಂದೇ ಸಲ.

ಆ ಚಿತ್ರದ ಪ್ರಿಂಟು ಈಗ ಎಲ್ಲೂ ಇಲ್ಲ. ವರ್ಷಗಟ್ಟಲೆ ಹುಡುಕಿಸಿದೆ. ನಿರ್ಮಾಪಕರ ಮನೆಯವರ ಬಳಿ ಡಬ್ಬಿಗಳೇನೋ ಸಿಕ್ಕವು. ಒಳಗಿನ ರೀಲು ಅಂಟಿಕೊಂಡು, ಹುಳಿ ವಾಸನೆಯ ಮುದ್ದೆಯಾಗಿತ್ತು. ನಟಿ, ನಿರ್ದೇಶಕರು, ಅಜ್ಜಿ, ಅತ್ತೆ, ಯಾರೂ ಉಳಿದಿಲ್ಲ. ಹೊಸದಾಗಿ ನಟಿಸಲು ಬಂದ ಹುಡುಗಿಯರು ಆಗಾಗ ಕೇಳುತ್ತಾರೆ: "ಮೇಡಂ, ನೀವು ನೋಡಿದ್ದರಲ್ಲೇ ದೊಡ್ಡ ಅಭಿನಯ ಯಾವುದು? ನಾವೂ ನೋಡ್ತೀವಿ." ಹೇಳುತ್ತೇನೆ. ಅವರು ತಕ್ಷಣ ಫೋನಿನಲ್ಲಿ ಹುಡುಕಲು ತೊಡಗುತ್ತಾರೆ. ಸಿಗುವುದಿಲ್ಲ ಎಂದು ಅವರಿಗೆ ಹೇಳಿ, ಪ್ರತಿ ಸಲವೂ ಬರಿಗೈಯಲ್ಲೇ ಮೊರ ಹಿಡಿದಂತೆ ಕೇರಿ ತೋರಿಸುತ್ತೇನೆ.