ಹಿಂದಿರುಗಿದ ಒಂದು ಪೊಟ್ಟಣ

ನನ್ನ ಕೈಯಡುಗೆಯನ್ನು ಬೇಡವೆಂದವರು ಈ ಅರವತ್ತೊಂಬತ್ತು ವರ್ಷಗಳಲ್ಲಿ ಮೂವರು. ಮೂವರನ್ನೂ ಮರೆತಿಲ್ಲ. ಮೊದಲನೆಯವರು ನನ್ನ ಗಂಡನ ಸೋದರಮಾವ; ಮದುವೆಯಾದ ಹೊಸತರಲ್ಲಿ ನಾನು ಮಾಡಿದ ಒಬ್ಬಟ್ಟಿನ ಸಾರನ್ನು ಒಂದೇ ತುತ್ತಿಗೆ ಪಕ್ಕಕ್ಕೆ ಸರಿಸಿ ಮಜ್ಜಿಗೆ ಕೇಳಿದರು. ಎರಡನೆಯವರು ಶಾಲೆಯ ತಪಾಸಣೆಗೆ ಬಂದಿದ್ದ ಅಧಿಕಾರಿ. ನಾನು ಮನೆಯಿಂದ ಒಯ್ದಿದ್ದ ಉಪ್ಪಿಟ್ಟಿನ ಡಬ್ಬಿಯನ್ನು ನೋಡಿ, ಹೋಟೆಲಿನಿಂದ ಇಡ್ಲಿ ತರಿಸಿಕೊಂಡರು. ಮೂರನೆಯವಳು ಭದ್ರಾವತಿಯ ಹೊರವಲಯದ ತಗಡಿನ ಶೆಡ್ಡಿನಲ್ಲಿ ಮಲಗಿದ್ದ, ಆಗಿನ್ನೂ ನಾನು ಕಣ್ಣಿಂದ ನೋಡಿಯೂ ಇರದ ಒಬ್ಬ ಹೆಂಗಸು. ಮೊದಲಿನ ಎರಡು ಸಂದರ್ಭಗಳಲ್ಲಿ ತಪ್ಪು ಅವರದೇ. ಮೂರನೆಯದರಲ್ಲಿ ಯಾರದೆಂಬುದನ್ನು ಬರೆಯಲು ಕುಳಿತಿದ್ದೇನೆ.

ಕೊರೊನಾ ಬಂದ ವರ್ಷ ಯುಗಾದಿಯ ದಿನವೇ ಊರಿಗೆ ಊರೇ ಬಾಗಿಲು ಹಾಕಿಕೊಂಡಿತು. ಶಿವಮೊಗ್ಗದ ನಮ್ಮ ರವೀಂದ್ರನಗರದ ರಸ್ತೆಯಲ್ಲಿ ಹಾಲಿನವನ ಸೈಕಲ್ಲು ಬಿಟ್ಟರೆ ಬೇರೆ ಸದ್ದಿರಲಿಲ್ಲ. ಅದಾಗಿ ಒಂದು ವಾರಕ್ಕೆ ನನ್ನ ಹಳೆಯ ವಿದ್ಯಾರ್ಥಿಯೊಬ್ಬ ಫೋನು ಮಾಡಿದ. ನಾನು ಮೂವತ್ತು ವರ್ಷ ಭದ್ರಾವತಿಯ ಶಾಲೆಯೊಂದರಲ್ಲಿ ಪಾಠ ಹೇಳಿದವಳು. ಈ ವಿದ್ಯಾರ್ಥಿಗೀಗ ಮೀಸೆ ನರೆತಿದೆ, ಲಗೇಜ್ ಆಟೋ ಓಡಿಸುತ್ತಾನೆ. ತರಕಾರಿ ಸಾಗಿಸಲು ಅವನಿಗೆ ಪಾಸು ಸಿಕ್ಕಿತ್ತು. ಬೆಳಗ್ಗೆ ಹೊಳೆಹೊನ್ನೂರಿನ ಕಡೆಯಿಂದ ತರಕಾರಿ ತಂದು ಶಿವಮೊಗ್ಗದಲ್ಲಿ ಇಳಿಸಿ, ಖಾಲಿ ಗಾಡಿಯಲ್ಲಿ ಭದ್ರಾವತಿಗೆ ಮರಳುತ್ತಿದ್ದ.

"ಟೀಚರ್, ನಮ್ಮ ಏರಿಯಾದ ಹತ್ರ ಒಂದು ಬಿಲ್ಡಿಂಗ್ ಕೆಲಸ ನಿಂತೋಗಿದೆ. ಕೊಪ್ಪಳದ ಕಡೆಯವರು, ಐವತ್ತರವತ್ತು ಜನ ಇದ್ದಾರೆ. ಮೇಸ್ತ್ರಿ ಫೋನ್ ಸ್ವಿಚಾಫ್ ಮಾಡ್ಕೊಂಡು ಕೂತವ್ನೆ. ಖಾಲಿ ಗಾಡಿ ಹೆಂಗಿದ್ರೂ ಹೋಗುತ್ತಲ್ಲ, ನೀವೇನಾದ್ರೂ ಮಾಡಿಕೊಟ್ರೆ..."

ಮಾಡಿಕೊಟ್ಟೆ. ಎದುರುಮನೆಯ ಗೆಳತಿ ಜೊತೆಯಾದಳು. ಅನ್ನ ಹಂಚುವ ಪಾಸಿಗೆ ನಾನೇ ಕಚೇರಿಗೆ ಹೋದೆ. ಅಲ್ಲಿದ್ದ ಗುಮಾಸ್ತ ನನ್ನನ್ನು ಒಂದೂವರೆ ಗಂಟೆ ನಿಲ್ಲಿಸಿ, "ಅಜ್ಜಿ, ಈ ವಯಸ್ಸಲ್ಲಿ ನಿಮಗ್ಯಾಕೆ ಈ ಉಸಾಬರಿ, ಮನೆಯಲ್ಲಿ ಕೂತು ಟಿವಿ ನೋಡಿ" ಎಂದು ಹೇಳಿಯೇ ಪಾಸು ಕೊಟ್ಟ. ಅವನು ತಿಳಿನೀಲಿ ಅಂಗಿ ತೊಟ್ಟಿದ್ದ. ಎರಡನೆಯ ಗುಂಡಿ ಕಿತ್ತುಹೋಗಿತ್ತು.

ಏನು ಅಡುಗೆ ಮಾಡಬೇಕೆಂಬುದನ್ನು ಒಂದು ಇಡೀ ಸಂಜೆ ಯೋಚಿಸಿ ನಿರ್ಧರಿಸಿದ್ದೆ. ಬೇಸಿಗೆಯ ಬಿಸಿಲು, ದಾರಿಯಲ್ಲಿ ತಪಾಸಣೆ, ಹಂಚುವಷ್ಟರಲ್ಲಿ ಮಧ್ಯಾಹ್ನ. ಸಾರು ಅನ್ನ ಹಳಸೀತು. ನಿಂಬೆಹಣ್ಣಿನ ಚಿತ್ರಾನ್ನ ಕೆಡುವುದಿಲ್ಲ. ಪ್ರತಿ ಪೊಟ್ಟಣಕ್ಕೂ ಒಂದೇ ಸೌಟಿನಲ್ಲಿ ಎರಡು ಸೌಟು, ಒಂದೇ ಗಾತ್ರದ ಬಾಳೆಎಲೆ, ಅದರ ಮೇಲೆ ಒಂದು ಹಾಳೆ ಕಾಗದ. ಒಂದರಲ್ಲಿ ಕಡಲೆಬೀಜ ಹೆಚ್ಚಾಗಿ ಬಿದ್ದರೆ ತೆಗೆದು ಇನ್ನೊಂದಕ್ಕೆ ಹಾಕುತ್ತಿದ್ದೆ.

"ಮಾರಾಯ್ತಿ, ಅನ್ನ ಕಟ್ತಿದೀಯೋ, ಬಂಗಾರ ತೂಗ್ತಿದೀಯೋ?" ಎಂದು ಗೆಳತಿ ರೇಗಿಸಿದಳು.

"ಒಬ್ಬರಿಗೆ ಹೆಚ್ಚು, ಒಬ್ಬರಿಗೆ ಕಡಿಮೆ ಆಗಬಾರದು."

ಇದಕ್ಕೊಂದು ಕಾರಣವಿದೆ. ನನಗಾಗ ಒಂಬತ್ತು ವರ್ಷ. ನಂಟರ ಮನೆಯ ಮದುವೆಯಲ್ಲಿ ಊಟದ ಪಂಕ್ತಿಗೆ ಅಪ್ಪನ ಪಕ್ಕದಲ್ಲಿ ಕುಳಿತಿದ್ದೆ. ತುಪ್ಪದ ಮಿಳ್ಳೆ ಹಿಡಿದವನು ಎಲೆಯಿಂದ ಎಲೆಗೆ ಬರುತ್ತಿದ್ದ. ಆ ಪುಟ್ಟ ಪಾತ್ರೆಯ ಹಿತ್ತಾಳೆಯ ಹೊಳಪು, ಒಳಗಿನ ಕಾದ ತುಪ್ಪದ ಪರಿಮಳ ಎರಡೂ ನನ್ನ ಕಡೆಗೇ ಬರುತ್ತಿದ್ದವು. ಅನ್ನದ ನಡುವೆ ಗುಳಿ ಮಾಡಿಕೊಂಡು ಕಾಯುತ್ತಿದ್ದೆ. ನಮಗಿಂತ ಎರಡು ಎಲೆ ಮೊದಲು, ಹಿಂದಿನಿಂದ ಯಾರೋ ಹಿರಿಯರು "ಅಲ್ಲಿಗೆ ಸಾಕು" ಎಂದರು. ಮಿಳ್ಳೆ ಹಿಂದಕ್ಕೆ ಹೋಯಿತು. ಅಲ್ಲಿಂದಾಚೆಗೆ ಕುಳಿತವರೆಲ್ಲ ನಮ್ಮಂಥ ಬಡ ನಂಟರು. ಅಪ್ಪ ತಲೆ ತಗ್ಗಿಸಿ ಉಂಡರು. ನಾನು ಆ ಗುಳಿಯನ್ನು ಬೆರಳಿನಿಂದ ಮುಚ್ಚಿದೆ. ಅಂದಿನಿಂದ ನನ್ನ ಕೈಯಲ್ಲಿ ಬಡಿಸುವ ಊಟದಲ್ಲಿ ಪಂಕ್ತಿಭೇದ ನಡೆದಿಲ್ಲ.

ಎರಡನೆಯ ದಿನ ಪೊಟ್ಟಣಗಳನ್ನು ಗಾಡಿಗೆ ಏರಿಸುತ್ತಿದ್ದಾಗ ಚಾಲಕ ತಲೆ ಕೆರೆದುಕೊಂಡ. "ಟೀಚರ್, ನಾಳೆಯಿಂದ ಒಂದು ಪೊಟ್ಟಣ ನಿಂಬೆಹಣ್ಣು ಹಿಂಡದೆ ಬೇರೆ ಕಟ್ಟಕ್ಕಾಗುತ್ತಾ? ಅಲ್ಲಿ ಒಬ್ಬರು..."

ನಾನು ಮಾತು ಮುಗಿಸಲು ಬಿಡಲಿಲ್ಲ. "ನನ್ನ ಅಡುಗೆಯಲ್ಲಿ ಎಲ್ಲರಿಗೂ ಒಂದೇ. ಯಾರಿಗೂ ಬೇರೆ ಇಲ್ಲ."

ಅವನು ಏಳನೆಯ ತರಗತಿಯಲ್ಲಿ ನಿಂತಂತೆ ನಿಂತು, "ಸರಿ ಟೀಚರ್" ಎಂದು ಹೊರಟುಹೋದ.

ನಾಲ್ಕನೆಯ ದಿನ ಅವನು ತರಕಾರಿ ಇಳಿಸಿ ಬಂದಾಗ ಸೀಟಿನ ಕೆಳಗೊಂದು ಪೊಟ್ಟಣ ಕಣ್ಣಿಗೆ ಬಿತ್ತು. ಹಿಂದಿನ ದಿನದ್ದು; ಕಟ್ಟಿದ ದಾರ ನನ್ನದೇ ಗಂಟಿನಲ್ಲಿ ಹಾಗೆಯೇ ಇತ್ತು. ಬಿಚ್ಚಿಯೂ ನೋಡಿರಲಿಲ್ಲ.

"ಇದೇನು?"

"ಬೈಬೇಡಿ ಟೀಚರ್. ಒಂದು ಪೊಟ್ಟಣ ದಿನಾ ವಾಪಸ್ ಕೊಡ್ತಾರೆ. ಮೊದಲೆಲ್ಲ ದಾರೀಲಿ ಯಾರಿಗಾದ್ರೂ ಕೊಡ್ತಿದ್ದೆ. ನಿನ್ನೆ ಯಾರೂ ಸಿಗಲಿಲ್ಲ."

"ಯಾರು ವಾಪಸ್ ಕೊಡುವವರು?"

"ಒಬ್ಬರು ಹೆಂಗಸು, ಶೆಡ್ಡಲ್ಲಿ ಮಲಗಿರ್ತಾರೆ. ಅವರ ಅತ್ತೆ ತಂದು ಕೊಡ್ತಾರೆ."

ನನಗೆ ಮೈಯೆಲ್ಲ ಉರಿಯಿತು. ಹಸಿದ ಜನವೆಂದು ಬೆಳಗಿನ ಜಾವಕ್ಕೆ ಎದ್ದು ಮಾಡಿದ ಅನ್ನ! ಗಾಡಿಯ ಮುಂದಿನ ಸೀಟಿನಲ್ಲಿ ನಾನೇ ಕುಳಿತೆ.

"ಎಲ್ಲಿಗೆ ಹೊರಟೆ?" ಎಂದಳು ಗೆಳತಿ.

"ಕೇಳಿಕೊಂಡು ಬರ್ತೀನಿ. ನನ್ನ ಅನ್ನಕ್ಕೆ ಏನಾಗಿದೆ ಅಂತ."

"ಅಯ್ಯೋ, ಆ ಹೆಂಗಸಿನ ಗತಿ!" ಎಂದು ಅವಳು ಗೇಟು ಹಾಕಿಕೊಂಡಳು.

ದಾರಿಯುದ್ದಕ್ಕೂ ಹೇಳಬೇಕಾದ ಮಾತುಗಳನ್ನು ಜೋಡಿಸಿಕೊಂಡೆ. ಅವು ಒಳ್ಳೆಯ ಮಾತುಗಳೇ ಆಗಿದ್ದವು; ಇಂದಿಗೂ ನೆನಪಿವೆ. ಆದರೆ ಒಂದನ್ನೂ ಆಡಲಿಲ್ಲ.

ಅರ್ಧಕ್ಕೆ ನಿಂತ ಕಟ್ಟಡದ ಮುಂದೆ ಜನ ನೆಲಕ್ಕೆ ಸುಣ್ಣದಲ್ಲಿ ಹಾಕಿದ ಗೆರೆಗಳ ಮೇಲೆ ಸಾಲಾಗಿ ನಿಂತಿದ್ದರು. ಸಾಲಿನ ಕೊನೆಯಲ್ಲಿದ್ದ ಮುದುಕಿಯೊಬ್ಬಳನ್ನು ಚಾಲಕ ಕಣ್ಣಲ್ಲೇ ತೋರಿಸಿದ. ನನ್ನದೇ ವಯಸ್ಸಿನವಳು. ಕೈಯಲ್ಲಿ ತಾನು ಹಿಂದಿನ ದಿನ ಉಂಡ ಬಾಳೆಎಲೆ ಇತ್ತು. ತೊಳೆದು, ಒರೆಸಿ, ಮಡಚಿಟ್ಟುಕೊಂಡಿದ್ದಳು.

"ನಿನ್ನ ಸೊಸೆ ದಿನವೂ ಅನ್ನ ವಾಪಸು ಕಳಿಸುತ್ತಾಳಂತೆ. ಯಾಕಮ್ಮ?"

ಮುದುಕಿ ಸೆರಗನ್ನು ಬಾಯಿಗೆ ಹಿಡಿದುಕೊಂಡಳು. "ತಪ್ಪ ತಿಳೀಬ್ಯಾಡ್ರಿ ಯವ್ವಾ. ಅಕಿ ಬಾಣಂತಿ ಅದಾಳ್ರಿ. ಹಡದು ಹನ್ನೊಂದ ದಿನ ಆತು. ಹಸಿ ಮೈಯಾಗ ಹುಳಿ ಉಣಬಾರದಲ್ರಿ. ಕೂಸಿಗೆ ಥಂಡಿ ಆಕ್ಕೈತಿ."

ನಾನು ಎರಡು ಹೆತ್ತವಳು. ನನ್ನ ಎರಡೂ ಬಾಣಂತನದಲ್ಲಿ ನನ್ನ ತಾಯಿ ನಿಂಬೆಹಣ್ಣನ್ನು ಕೋಣೆಯ ಹೊಸ್ತಿಲು ದಾಟಿಸಿರಲಿಲ್ಲ. ಕಾಳುಮೆಣಸು, ಬೆಳ್ಳುಳ್ಳಿ, ಮೆತ್ತನೆಯ ಬಿಸಿಯನ್ನ, ತುಪ್ಪ. ಇಷ್ಟು ತಿಳಿಯದ ಹೆಂಗಸು ಈ ಸೀಮೆಯಲ್ಲಿ ಇರಲಾರಳು. ಅರವತ್ತು ಪೊಟ್ಟಣದ ಕಡಲೆಬೀಜ ಎಣಿಸಿದ ನಾನು, ಉಣ್ಣುವವರು ಯಾರು ಯಾರು ಎಂದು ಒಮ್ಮೆಯೂ ಕೇಳಿರಲಿಲ್ಲ.

"ಮತ್ತೆ ಅವಳು ತಿನ್ನುತ್ತಿರುವುದು ಏನು?"

"ಮೊದಲಿಗೆ ಜ್ವಾಳದ ಹಿಟ್ಟಿತ್ರಿ. ಅದು ಆದಮ್ಯಾಲ ಚಾದಾಗ ಬ್ರೆಡ್ಡು. ಮೂರು ದಿನ ಆತು, ಬರೇ ಚಾ. ಎದಿಹಾಲ ಬತ್ತಾಕತ್ತೈತಿ."

"ಇದನ್ನು ಮೊದಲೇ ಹೇಳಬಾರದಿತ್ತೇ?"

"ಕೊಡವರಿಗೆ ಹಿಂಗ ಬೇಕು, ಹಂಗ ಬೇಕು ಅಂತ ಹ್ಯಾಂಗ ಹೇಳೂದ್ರಿ ಯವ್ವಾ? ಉಣ್ಣದ ಅನ್ನ ಇಟ್ಕೋಬಾರದು, ಮತ್ತೊಬ್ಬರ ಪಾಲಿಗರೆ ಹೋಗಲಿ ಅಂತ ತಿರುಗಿ ಕೊಟ್ಟಿನ್ರಿ."

ಚಾಲಕ ನೆಲ ನೋಡುತ್ತ ಮೆಲ್ಲಗೆ, "ನಾನು ಹೇಳಕ್ಕೆ ಬಂದಿದ್ದೆ ಟೀಚರ್" ಎಂದ. ಬಂದಿದ್ದ. ಅದು ಅವನಿಗಿಂತ ಚೆನ್ನಾಗಿ ನನಗೆ ನೆನಪಿತ್ತು.

ಶೆಡ್ಡಿನ ಬಾಗಿಲಿಗೆ ಗೋಣಿಚೀಲದ ಪರದೆ. ಒಳಗೆ ತಗಡಿನ ಕಾವು. ಇಪ್ಪತ್ತು ದಾಟಿರದ ಹುಡುಗಿ, ಆ ಸೆಕೆಯಲ್ಲೂ ಕಿವಿಗೆ ಬಟ್ಟೆ ಕಟ್ಟಿಕೊಂಡು ಗೋಡೆಗೊರಗಿದ್ದಳು. ನನ್ನನ್ನು ನೋಡಿ ಏಳಲು ಹೋದಳು. ಮಡಿಲಲ್ಲಿದ್ದ ಮಗು ಅಳುತ್ತಿತ್ತು. ಅಳುತ್ತಿದೆಯೆಂದು ತಿಳಿಯಲು ಅದರ ಬಾಯಿ ನೋಡಬೇಕಿತ್ತು, ದನಿ ಅಷ್ಟು ಸಣ್ಣಗಿತ್ತು. ಪರದೆಯ ಈಚೆಯೇ ನಿಂತು, "ಏಳಬೇಡಮ್ಮ" ಎಂದೆ. ಜೋಡಿಸಿಕೊಂಡು ಹೋಗಿದ್ದ ಮಾತುಗಳ ಜಾಗದಲ್ಲಿ ಅಷ್ಟೇ ಉಳಿದಿತ್ತು.

ಮನೆಗೆ ಬಂದು ಅಟ್ಟದಿಂದ ನನ್ನ ತಾಯಿಯ ಹಿತ್ತಾಳೆಯ ಮಿಳ್ಳೆಯನ್ನು ಇಳಿಸಿ, ಹುಣಸೆಹಣ್ಣು ಹಾಕಿ ತಿಕ್ಕಿದೆ. ಅಂದು ಸಂಜೆಯೊಳಗೇ ಚಾಲಕನನ್ನು ಮತ್ತೆ ಕರೆಸಿಕೊಂಡು, ಕ್ಯಾರಿಯರಿನ ಒಂದು ಡಬ್ಬಿಗೆ ಮೆತ್ತಗೆ ಬೇಯಿಸಿದ ಅನ್ನ, ಇನ್ನೊಂದಕ್ಕೆ ಮೆಣಸು ಬೆಳ್ಳುಳ್ಳಿಯ ಸಾರು ತುಂಬಿಸಿ, ಮಿಳ್ಳೆಗೆ ತುಪ್ಪ ಹಾಕಿ ಅದರ ಬಾಯಿಗೆ ಬಾಳೆಎಲೆ ಕಟ್ಟಿ ಮಡಿಲಲ್ಲಿಟ್ಟುಕೊಂಡು ಹೊರಟೆ. ಅರವತ್ತು ಜನಕ್ಕೆ ತುಪ್ಪ ಕೊಡುವ ಶಕ್ತಿ ನನಗಿರಲಿಲ್ಲ. ಚಿತ್ರಾನ್ನ ಉಂಡವರೆಲ್ಲರ ಕಣ್ಣೆದುರಿಗೆ ಒಬ್ಬಳಿಗೆ ಮಾತ್ರ ತುಪ್ಪ ಒಯ್ಯಬೇಕಿತ್ತು. ಅರವತ್ತು ವರ್ಷಗಳ ಹಿಂದಿನ ಆ ಮದುವೆಯಲ್ಲಿ "ಅಲ್ಲಿಗೆ ಸಾಕು" ಎಂದವರಿಗೂ ನನಗೂ ಈಗ ಏನು ವ್ಯತ್ಯಾಸ ಎಂದು ದಾರಿಯಲ್ಲಿ ಎರಡು ಸಲ ಕೇಳಿಕೊಂಡೆ.

ಗಂಡಸರು ಕಟ್ಟಡದ ನೆರಳಿನಲ್ಲಿ ಕುಳಿತಿದ್ದರು. ನಾನು ಕ್ಯಾರಿಯರು ಹಿಡಿದು ಬೇಗ ಬೇಗ ದಾಟುತ್ತಿದ್ದಾಗ ಒಬ್ಬ ಮೂಗರಳಿಸಿದ.

"ಯವ್ವಾ, ತುಪ್ಪ ಘಮ್ಮ ಅಂತೈತಲ್ರೀ! ನಮಗಿಲ್ಲೇನು?"

ನಾನು ಅಲ್ಲೇ ನಿಂತೆ.

ಅವನ ಪಕ್ಕದವನು ಹೇಳಿದ: "ನೀ ಹಡದೀ ಏನಲೇ? ಮೊದಲ ಒಂದು ಹಡಿ, ಆಮ್ಯಾಲ ತುಪ್ಪ ಕೇಳು."

ಗುಂಪಿಗೆ ಗುಂಪೇ ನಕ್ಕಿತು. ಕೇಳಿದವನು ಎಲ್ಲರಿಗಿಂತ ಜೋರಾಗಿ ನಕ್ಕು, ಎದ್ದು ಬಂದು, ನನ್ನ ಕೈಯಿಂದ ಕ್ಯಾರಿಯರು ಇಸಿದುಕೊಂಡು ಶೆಡ್ಡಿನವರೆಗೂ ತಾನೇ ಹೊತ್ತ.

ಹುಡುಗಿ ನನ್ನೆದುರು ಉಣ್ಣಲು ನಾಚಿದಳು. ನಾನು ಬೆನ್ನು ತಿರುಗಿಸಿ ಕುಳಿತೆ. ಅನ್ನ ಕಲಸುವ ಸದ್ದು, ಬಳೆಯ ಸದ್ದು, ಆಮೇಲೆ ಬಹಳ ಹೊತ್ತು ತುತ್ತಿನ ಸದ್ದು. ಮಿಳ್ಳೆಯ ತಳಕ್ಕೆ ಚಮಚ ತಗುಲಿದ್ದು ಕೇಳಿಸಿತು.

ಅಂದಿನಿಂದ ದಿನವೂ ಚಿತ್ರಾನ್ನದ ಜೊತೆಗೆ ಒಂದು ಕ್ಯಾರಿಯರು ಹೋಗತೊಡಗಿತು. ಐದಾರು ದಿನ ಕಳೆದಿರಬೇಕು. ಚಾಲಕ ಬಾಗಿಲಲ್ಲಿ ನಿಂತು ಮತ್ತೆ ತಲೆ ಕೆರೆದುಕೊಂಡ.

"ಟೀಚರ್, ಒಂದು ಮಾತು. ಹೇಳ್ಲಾ?"

"ಹೇಳು. ಪೂರ್ತಿ ಹೇಳು."

"ಸಾರಿಗೆ ಉಪ್ಪು ಕಡಿಮೆಯಂತೆ. ಆಯಮ್ಮನೇ ಹೇಳಿ ಕಳಿಸಿದ್ರು."

ನಾನು ಒಳಗೆ ಹೋಗಿ ಸೌಟಿನಲ್ಲಿ ಸಾರು ಬಗ್ಗಿಸಿ ರುಚಿ ನೋಡಿದೆ. ನನಗೆ ಸರಿಯಾಗಿಯೇ ಇತ್ತು. ಗೆಳತಿಯ ಅಂಗೈಗೂ ಒಂದಿಷ್ಟು ಹಾಕಿದೆ. ಅವಳು ಚಪ್ಪರಿಸಿ ಆಚೆ ಈಚೆ ನೋಡಿದಳು.

"ಬಿಪಿ ಬಂದಾಗಿನಿಂದ ನೀನು ಉಪ್ಪು ಹಾಕೋದನ್ನೇ ಬಿಟ್ಟಿದೀಯ ಮಾರಾಯ್ತಿ. ಹತ್ತು ವರ್ಷದಿಂದ ನಿಮ್ಮನೆ ಸಾರು ಸಪ್ಪೆ. ನಿನ್ನ ಹತ್ರ ಹೇಳಕ್ಕೆ ಯಾರಿಗೆ ಧೈರ್ಯ ಇದೆ?"

ಆ ಹುಡುಗಿಗಿತ್ತು. ಮೂರು ದಿನ ಬರೀ ಚಹಾ ಕುಡಿದು, ಹುಳಿಯಿಲ್ಲದ ಅನ್ನ ಬೇಕೆಂದು ಬಾಯಿಬಿಟ್ಟು ಕೇಳದಿದ್ದ ಹುಡುಗಿ. ಮಗಳು ತಾಯಿಗೆ ಹೇಳುವಂತೆ, ಉಪ್ಪು ಕಡಿಮೆ ಎಂದು ಹೇಳಿ ಕಳಿಸಿದ್ದಳು. ಮರುದಿನ ಉಪ್ಪು ಹೆಚ್ಚಿಸಿದೆ.

ಬೇಸಿಗೆ ಮುಗಿಯುವ ಹೊತ್ತಿಗೆ ಅವರ ಊರಿನ ಕಡೆಗೆ ಬಸ್ಸು ಬಿಟ್ಟರು. ಹೊರಡುವ ದಿನ ನಾನೂ ಹೋಗಿದ್ದೆ. ಹುಡುಗಿ ಕಿವಿಯ ಬಟ್ಟೆ ಸಡಿಲಿಸಿಕೊಂಡು, ತೊಳೆದು ಬೆಳಗಿದ ಮಿಳ್ಳೆಯನ್ನು ಎರಡೂ ಕೈಯಲ್ಲಿ ಹಿಡಿದು ಕೊಟ್ಟಳು. ಮುದುಕಿಯ ಹೆಗಲ ಮೇಲೆ ಮಗು ಇಡೀ ಬಸ್ಸಿಗೆ ಕೇಳುವಂತೆ ಚೀರುತ್ತಿತ್ತು. ಕಂಡಕ್ಟರು ಕಿವಿ ಮುಚ್ಚಿಕೊಂಡು ತಡೆಯಲಾರದವನಂತೆ ನಟಿಸುತ್ತಿದ್ದ. ಆ ಗಲಾಟೆಯಲ್ಲಿ ಹುಡುಗಿ ನನ್ನ ಹತ್ತಿರ ಬಾಗಿ ಏನೋ ಅಂದಳು. ನಾನು ಮಾಸ್ಕು ಕೆಳಗೆ ಮಾಡಿ, "ಏನಮ್ಮ?" ಎಂದೆ.

"ನಿನ್ನಿ ಸಾರಿಗೆ ಉಪ್ಪು ತುಸು ಜಾಸ್ತಿ ಆಗಿತ್ರಿ ಯವ್ವಾ."

ಅದನ್ನೂ ನಾನು ಮರೆತಿಲ್ಲ.