ಅಣ್ಣನ ಮಗ್ಗದ ಕುಣಿಯಲ್ಲಿ ನನ್ನ ನಾಯಿ

ಓದುವ ಎಲ್ಲರಿಗೂ ಶರಣು. ಮೀಸೆ ಬಂದ ಮೇಲೆ ಅಕ್ಷರ ಕಲಿತವನು ನಾನು. ಈಗ ಒಂದೇ ಬೆರಳಿನಿಂದ ಒಂದೊಂದು ಅಕ್ಷರ ಹುಡುಕಿ ಒತ್ತುತ್ತಿದ್ದೇನೆ. ತಪ್ಪು ಕಂಡರೆ ಹೊಟ್ಟೆಗೆ ಹಾಕಿಕೊಂಡು ಮುಂದೆ ಓದಿರಿ.

ನಮ್ಮ ಬನಹಟ್ಟಿ ಆಗ ಮುಂಬಯಿ ರಾಜ್ಯದಲ್ಲಿತ್ತು. ನನ್ನ ಮದುವೆಯಾಗಿ ಇನ್ನೂ ವರ್ಷ ತುಂಬಿರಲಿಲ್ಲ. ಮುಧೋಳದ ಕಡೆಯ ಸೋದರಮಾವ ನನಗೊಂದು ಬೇಟೆ ನಾಯಿಯ ಮರಿ ಕೊಟ್ಟ. ಅಂಗಿಯೊಳಗೆ ಎದೆಗೆ ಒತ್ತಿಕೊಂಡು ಬಸ್ಸಿನಲ್ಲಿ ತಂದೆ. ದಾರಿಯಲ್ಲಿ ಅದು ಅಂಗಿ ತೋಯಿಸಿದರೂ ಬೈಯಲಿಲ್ಲ. ಹಾಲಿನಲ್ಲಿ ರೊಟ್ಟಿ ನೆನೆಸಿ ತಿನ್ನಿಸಿ ಬೆಳೆಸಿದವನು ನಾನೇ. ಇದನ್ನು ಮೊದಲೇ ಹೇಳುವುದು ಯಾಕೆಂದರೆ, ಆ ನಾಯಿ ಯಾರದು ಅನ್ನುವುದರಲ್ಲಿ ನಿಮಗೆ ಅನುಮಾನ ಇರಬಾರದು.

ಆ ಜಾತಿಯ ನಾಯಿಗೆ ಮೈಮೇಲೆ ಕೂದಲೇ ಕಡಿಮೆ, ಕೊಬ್ಬಂತೂ ಇಲ್ಲ. ಎಳ್ಳಮವಾಸ್ಯೆ ಹತ್ತಿರ ಬಂದು ಹೊಳೆಯ ಕಡೆಯಿಂದ ಗಾಳಿ ಬೀಸತೊಡಗಿತೆಂದರೆ ಮೂಗಿನಿಂದ ಬಾಲದ ತುದಿಯವರೆಗೆ ನಡುಗುತ್ತಿತ್ತು.

ಅಣ್ಣ ಮತ್ತು ನಾನು ಒಂದೇ ಪಡಸಾಲೆಯಲ್ಲಿ ಸೀರೆ ನೇಯುತ್ತಿದ್ದೆವು. ಎರಡೂ ಕುಣಿ ಮಗ್ಗ. ನೆಲದಲ್ಲಿ ತೋಡಿದ ಕುಣಿಯೊಳಗೆ ಕಾಲು ಇಳಿಬಿಟ್ಟು ಕೂತು ನೂಲಿನ ಲಾಳಿ ಅತ್ತಿತ್ತ ಓಡಿಸಬೇಕು. ನನ್ನದು ಬಾಗಿಲ ಬಳಿ. ಅಣ್ಣನದು ಒಳಗೆ, ಅಡುಗೆ ಒಲೆಯ ಗೋಡೆಗೆ ಹತ್ತಿಕೊಂಡು. ನಾಯಿ ಹೋಗಿ ಅಣ್ಣನ ಕುಣಿಯೊಳಗೆ ಇಳಿಯಿತು.

ಅಣ್ಣ ಅದಕ್ಕೆ ಒಂದು ತುತ್ತು ಹಾಕಿದವನಲ್ಲ, ಕರೆದವನೂ ಅಲ್ಲ. ನೇಯುತ್ತ ನೇಯುತ್ತ ಕಾಲ ಹೆಬ್ಬೆರಳಿನಿಂದ ಅದರ ಕಿವಿ ತಿಕ್ಕುತ್ತಿದ್ದ, ಅಷ್ಟೇ. ನಾನು ದಿನವಿಡೀ ಎದುರಿಗೆ ಕೂತು ಅದನ್ನೇ ನೋಡಬೇಕು.

“ಲಾಳಿ ಕಡೆ ನೋಡ್ರಿ,” ಅಂದಳು ಹೆಂಡತಿ. “ನಾಯಿ ಕಡೆ ನೋಡಿ ನೋಡಿ ಎಳಿ ಹರಕೊಂಡ ಕುಂತೀರಿ.”

ಬೆಚ್ಚಗಿನ ಅಂಗಿ ಹೊಲಿದು ಹಾಕಿದರೆ ನನ್ನ ಹತ್ತಿರ ಬಂದೀತೆಂದು ಹೊಸದಾಗಿ ನೇಯ್ದ ಬಟ್ಟೆಯನ್ನೇ ಕತ್ತರಿಸಿ ಹೊಲಿದೆ. ನೂಲಿಗೆ ಹಚ್ಚಿದ ಗಂಜಿ ಇನ್ನೂ ಹೋಗಿರಲಿಲ್ಲ. ಬಟ್ಟೆ ಸೆಟೆದು ನಿಂತಿತ್ತು. ನಾಯಿ ಒಂದು ಹೆಜ್ಜೆ ಇಟ್ಟರೆ ಚರಚರ ಸಪ್ಪಳ. ಅದು ಹೆದರಿ ಓಡಿತು, ಆಮೇಲೆ ಗಂಜಿಯ ರುಚಿ ಹತ್ತಿ ಅಂಗಿಯನ್ನೇ ನೆಕ್ಕುತ್ತ ಕೂತಿತು.

“ಲೇ ತಮ್ಮಾ, ನಾಯಿಗಿ ಅಂಗಿ ಹೊಲದೀಯೋ, ಹಪ್ಪಳಾ ಮಾಡೀಯೋ?” ಅಂದ ಅಣ್ಣ.

ಅತ್ತಿಗೆ ನಗುತ್ತ ತನ್ನ ಹಳೆಯ ಸೀರೆ ತಂದು ಅದಕ್ಕೆ ಸುತ್ತಿದಳು. ತೊಳೆದು ತೊಳೆದು ಮೆತ್ತಗಾದ ಸೀರೆ. ನಾಯಿ ಅದನ್ನು ಸುತ್ತಿಕೊಂಡೇ ಅಣ್ಣನ ಕುಣಿಗೆ ಹೋಯಿತು. ನನಗೆ ಮೈಯೆಲ್ಲ ಉರಿಯಿತು.

“ಅಣ್ಣಾ, ಅದಕ್ಕ ನಿನ್ನ ಮ್ಯಾಲ ಪ್ರೀತಿ ಗೀತಿ ಏನೂ ಇಲ್ಲ. ನಿನ್ನ ಕುಣಿ ಬೆಚ್ಚಗ ಐತಿ, ಅಷ್ಟ.”

“ಹಂಗಾರ ನೀ ಇಲ್ಲಿ ಬಾ, ನಾ ಅಲ್ಲಿ ಹೋಗತೇನಿ. ಅದಕ್ಯಾಕ ಇಷ್ಟ ಸಿಟ್ಟು?”

ಎರಡೂ ಮಗ್ಗದ ಮೇಲೆ ಸೀರೆ ಅರ್ಧವಾಗಿತ್ತು. “ಅರ್ಧಾ ಅವರ ಕೈ, ಅರ್ಧಾ ನಿಮ್ಮ ಕೈ ಅಂದ್ರ ನೇಯ್ಗಿ ಬಿಗಿ ಬ್ಯಾರೆ ಆಗಿ ನಡುವ ಗೆರಿ ಬೀಳತೈತ್ರಿ. ಊರ ಮಂದಿ ನಗತಾರ,” ಅಂದಳು ಹೆಂಡತಿ. ನಾನು ಕೇಳಲಿಲ್ಲ. ಜಾಗ ಬದಲಾಯಿತು.

ಮರುದಿನ ನಾಯಿ ಬಂದು ಒಳಗಿನ ಕುಣಿಗೇ ಇಳಿಯಿತು. ನನ್ನ ಕಾಲ ಬುಡದಲ್ಲಿ ಸುರುಳಿ ಸುತ್ತಿತು. ಹೆಂಡತಿಯನ್ನು ಅಡುಗೆಮನೆಯಿಂದ ಕರೆದು ತೋರಿಸಿದೆ. ಅಣ್ಣನ ಹಾಗೆಯೇ ಹೆಬ್ಬೆರಳಿನಿಂದ ಕಿವಿ ತಿಕ್ಕಿದೆ. ಅದು ತಲೆ ಎತ್ತಿತು, ನನ್ನ ಪಾದ ಮೂಸಿತು, ಮೇಲೆ ಹತ್ತಿ ಬಾಗಿಲ ಬಳಿಯ ತಣ್ಣಗಿನ ಕುಣಿಗೆ ಹೋಗಿ ಅಣ್ಣನ ಕಾಲ ಮೇಲೆ ಮಲಗಿತು.

ಚಳಿ ತಡೆಯಲಾರದೆ ತಾನೇ ಬರುತ್ತದೆ ಅಂದುಕೊಂಡೆ. ಬರಲಿಲ್ಲ. ಅಣ್ಣ ತನ್ನ ಹೊದಿಕೆ ತೆಗೆದು ಅದರ ಮೇಲೆ ಹಾಕಿ ತಾನು ಬರಿ ಅಂಗಿಯಲ್ಲಿ ನೇಯ್ದ. ಆದರೂ ಅದರ ನಡುಕ ನನಗೆ ಕೂತಲ್ಲಿಂದ ಕಾಣುತ್ತಿತ್ತು. ಎರಡು ದಿನಕ್ಕೆ ಕೆಮ್ಮತೊಡಗಿತು. ನಾನು ಹಿಡಿದ ರೊಟ್ಟಿಯನ್ನು ಮೂಸಿ ಮುಖ ತಿರುಗಿಸಿತು.

ಲಾಳಿ ಕೈಬಿಟ್ಟೆ. “ಅಣ್ಣಾ, ಎದ್ದು ಬಾ. ನಿನ್ನ ಜಾಗಾದಾಗ ನೀ ಕೂಡು.”

“ಯಾಕೋ? ನಿನಗ ಅಲ್ಲಿ ಬೆಚ್ಚಗ ಆಗಲಿಲ್ಲೇನು?”

“ನಾಯಿ ಸಾಯತೈತಿ. ಸುಮ್ಮನ ಬಾ.”

ಅವನು ಎದ್ದು ಬಂದ. ನಾಯಿ ಹಿಂದೆಯೇ ಬಂತು. ನಾನು ಕಾಲು ಮೇಲಕ್ಕೆ ಎಳೆದುಕೊಳ್ಳುವ ಮೊದಲೇ ಕುಣಿಗೆ ಇಳಿದು, ಅಡ್ಡ ಬಂದ ಕೋಲು ಸರಿಸಿದ ಹಾಗೆ ನನ್ನ ಮೊಣಕಾಲು ಸರಿಸಿ ಅಣ್ಣನಿಗೆ ಜಾಗ ಮಾಡಿತು.

ಸಂಜೆಗೆ ರೊಟ್ಟಿ ತಿಂದಿತು. ಕೆಮ್ಮು ನಾಲ್ಕು ದಿನದಲ್ಲಿ ನಿಂತಿತು. ನಾನು ಮತ್ತೆ ಬಾಗಿಲ ಬಳಿ ಕೂತು ಅದು ನೆಮ್ಮದಿಯಿಂದ ಉಸಿರಾಡುವುದನ್ನು ಕೇಳುತ್ತಿದ್ದೆ. ಬದುಕಿತಲ್ಲ ಅಂತ ಸಂತೋಷವಾಗುತ್ತಿತ್ತು, ಅವನ ಕಾಲ ಬುಡದಲ್ಲಿ ಬದುಕಿತಲ್ಲ ಅಂತ ಹೊಟ್ಟೆ ಉರಿಯುತ್ತಿತ್ತು. ಅಣ್ಣ ಈಗ ಇಲ್ಲ. ಹೊಟ್ಟೆಕಿಚ್ಚು ಮಾತ್ರ ಪೂರ್ತಿ ಆರಿಲ್ಲ.

ನೀವು ಅನ್ನ ಹಾಕಿ ಸಾಕಿದ ಪ್ರಾಣಿ ಇನ್ನೊಬ್ಬರ ಮಡಿಲು ಹುಡುಕಿಕೊಂಡು ಹೋದದ್ದುಂಟೇ? ಆಗ ನೀವೇನು ಮಾಡಿದಿರಿ? ನಾಚಿಕೆ ಬಿಟ್ಟು ಬರೆದು ತಿಳಿಸಿರಿ. ಇಂಥವನು ನಾನೊಬ್ಬನೇ ಅಲ್ಲವೆಂದು ಗೊತ್ತಾದರೆ ನನಗೂ ಸ್ವಲ್ಪ ಸಮಾಧಾನ.